ಮಡಚದೆ ಕತ್ತರಿಸಿದ ಬಟ್ಟೆ

ಫ್ಯಾಕ್ಟರಿಯ ಲೈನಿನಲ್ಲಿ ಅವಳನ್ನು ಎಲ್ಲರೂ ಶೋಲ್ಡರಕ್ಕ ಎಂದೇ ಕರೆಯುತ್ತಿದ್ದರು. ಟೀ ಶರ್ಟಿನ ಮುಂಭಾಗವನ್ನೂ ಬೆನ್ನನ್ನೂ ಭುಜದ ಹತ್ತಿರ ಜೋಡಿಸುವುದು, ಭುಜ ಹಿಗ್ಗದಂತೆ ಒಳಗೊಂದು ತೆಳು ಪಟ್ಟಿ ಸೇರಿಸಿ ಹೊಲಿಯುವುದು, ಹೊಲಿದದ್ದನ್ನು ಪಕ್ಕದವಳ ಕಡೆ ಎಸೆಯುವುದು. ಅಷ್ಟೇ ಅವಳ ಕಸುಬು. ಮದುವೆಯಾದ ಹೊಸದರಲ್ಲಿ ಆ ಮಷೀನಿನ ಮುಂದೆ ಕೂತವಳು ಮಗಳ ಮದುವೆ ಮಾಡಿ ಕಳಿಸಿದ ಮೇಲೂ ಅಲ್ಲೇ ಕೂತಿದ್ದಳು. ಅವಳು ಜೋಡಿಸಿದ ಭುಜಗಳನ್ನು ಹಾಕಿಕೊಂಡವರು ಲೋಕದ ಯಾವ ಯಾವ ಮೂಲೆಯಲ್ಲಿ ಓಡಾಡುತ್ತಿದ್ದಾರೋ, ಅವಳಿಗೇನು ಗೊತ್ತು. ಆದರೆ ಒಂದು ಇಡೀ ಅಂಗಿ ಹೊಲಿ ಎಂದರೆ ಇಟ್ಟಿಗೆ ಹೊರುವವನಿಗೆ ಮನೆಯ ನಕ್ಷೆ ಬರಿ ಎಂದಂತಾಗುತ್ತಿತ್ತು. ಕತ್ತರಿಸುವವರು ಬೇರೆ, ಕತ್ತು ಹೊಲಿಯುವವಳು ಬೇರೆ, ತೋಳು ಕೂರಿಸುವವಳು ಬೇರೆ. ಸೂಜಿ ಮುರಿದರೆ ಬದಲಾಯಿಸಲು ಸಹ ಮೆಕ್ಯಾನಿಕ್ ಬರಬೇಕು. ಕುರುಡರು ಆನೆ ಮುಟ್ಟಿದ ಕತೆ. ಅವಳ ಪಾಲಿಗೆ ಸಿಕ್ಕಿದ್ದು ಆನೆಯ ಭುಜ.

ಅಂಥವಳ ಎಡಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಮೊಲೆಯನ್ನೇ ತೆಗೆದರು, ಕಂಕುಳಿನೊಳಗಿನ ಗಂಟುಗಳನ್ನೂ ಕೆರೆದು ತೆಗೆದರು. ನೆರೆಹೊರೆಯವರು ಅದನ್ನು 'ಆಪರೇಷನ್ನು' ಎಂದು ಪಿಸುಗುಟ್ಟಿ ಸುಮ್ಮನಾದರು. ಗಂಡ ವೆಲ್ಡಿಂಗ್ ಕೆಲಸದವನು, 'ಆ ವಿಷಯ' ಎನ್ನುತ್ತಿದ್ದ. ಅತ್ತೆಗೆ ಮಾತ್ರ ನಾಲಿಗೆಗೆ ಮುಸುಕು ಹಾಕುವ ಅಭ್ಯಾಸ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಕಸ ಗುಡಿಸಿ ಬದುಕಿದ ಹೆಂಗಸು.

"ಹುಳ ಹಿಡಿದ ಹಲ್ಲು ಕಿತ್ತಂಗೆ ಕಿತ್ರು. ಉಳ್ಕೊಂಡಿದ್ದೀಯಲ್ಲ, ಎದ್ದು ಊಟ ಮಾಡು."

ಉಳಿದುಕೊಂಡದ್ದು ನಿಜ. ಆದರೆ ಎಡಗೈ ಊದಿಕೊಂಡಿತು. ಭುಜದ ಮಟ್ಟಕ್ಕಿಂತ ಮೇಲೆ ಎತ್ತಲು ಬಾರದು. ಹುಕ್ಕು ಹಾಕುವ ರವಿಕೆ ಮೈಗೆ ಏರುತ್ತಿರಲಿಲ್ಲ, ಏರಿದರೆ ಗಾಯದ ಗೆರೆಯನ್ನು ಉಜ್ಜಿ ಉರಿಸುತ್ತಿತ್ತು. ಹಿಗ್ಗುವ ಬಟ್ಟೆ ಹಾಕ್ಕೊಳ್ಳಿ, ಬನಿಯನ್ ಬಟ್ಟೆ, ಎಂದಳು ನರ್ಸು. ಶೋಲ್ಡರಕ್ಕ ಅಂಗಡಿಯ ಟೀ ಶರ್ಟು ತಂದಳು. ಬಲಗಡೆ ಅದು ಮೈಗೆ ಅಂಟಿತು, ಎಡಗಡೆ ಖಾಲಿ ಚೀಲದಂತೆ ಜೋತುಬಿತ್ತು. ಕತ್ತು ಬಲಕ್ಕೆ ಜಾರಿತು. ಬಗ್ಗಿದರೆ ಎಡಗಡೆ ಬಾಯಿ ಬಿಟ್ಟು, ಎದುರಿಗೆ ನಿಂತವರಿಗೆ ಹೊಲಿಗೆ ಹಾಕಿದ ಚರ್ಮವೆಲ್ಲ ಕಾಣುತ್ತಿತ್ತು. ಅವಳದೋ ಬೆಳಗಿನಿಂದ ಸಂಜೆಯವರೆಗೆ ಬಗ್ಗಿಯೇ ಮಾಡುವ ಕೆಲಸ.

ಅದಕ್ಕೇ ಆಪರೇಷನ್ ಆದಮೇಲೆ ಮೊದಲ ದಿನ ಕೆಲಸಕ್ಕೆ ಹೋಗುವಾಗ ಎಡಗಡೆ ಬಟ್ಟೆಯ ಉಂಡೆ ತುರುಕಿಕೊಂಡಳು. ಫ್ಯಾಕ್ಟರಿಗಳ ಹಿಂದಿನ ಬೀದಿಯಲ್ಲಿ ತೂಕದ ಲೆಕ್ಕಕ್ಕೆ ಮಾರುವ ಬನಿಯನ್ ಚೂರುಗಳನ್ನು ಸುತ್ತಿ ಸುತ್ತಿ ಮಾಡಿದ ಉಂಡೆ. ಹಗಲೆಲ್ಲ ಯಾರಿಗೂ ಏನೂ ತಿಳಿಯಲಿಲ್ಲ.

ಸಂಜೆ ಗೇಟು. ಕೆಲಸ ಮುಗಿಸಿದ ಹೆಂಗಸರೆಲ್ಲ ಸಾಲಾಗಿ ನಿಂತು ಕೈ ಎತ್ತಬೇಕು. ಸೆಕ್ಯೂರಿಟಿ ಹೆಂಗಸು, ಎಲ್ಲರ ಬಾಯಲ್ಲೂ ಗೇಟಮ್ಮ, ಒಬ್ಬೊಬ್ಬರನ್ನೇ ಕಂಕುಳಿನಿಂದ ಸೊಂಟದವರೆಗೆ ತಡವಿ ಬಿಡುತ್ತಾಳೆ. ಕಂಪನಿಯ ಬಟ್ಟೆ ಮೈಯೊಳಗೆ ಬಚ್ಚಿಟ್ಟು ಸಾಗಿಸುತ್ತಾರೆ ಎಂಬ ಅನುಮಾನ. ಗೋದಾಮನ್ನೇ ನುಂಗಬಲ್ಲವರ ಕಾರು ಅದೇ ಗೇಟಿನಲ್ಲಿ ಸಲಾಮು ಹೊಡೆಸಿಕೊಂಡು ಹೋಗುತ್ತದೆ, ಆ ಮಾತು ಬೇರೆ.

ಗೇಟಮ್ಮನ ಕೈ ಎಡಗಡೆ ನಿಂತಿತು. ಒತ್ತಿ ನೋಡಿತು.

"ಏನೇ ಇದು?"

"ನಂದೇ."

"ನಿಂದೇ ಆದ್ರೆ ಜಾಗ ಬಿಟ್ಟು ಜಾರುತ್ತಾ?"

ಹಿಂದೆ ಯಾರೋ ಕಿಸಕ್ಕೆಂದರು. ಗೇಟಮ್ಮ ಕತ್ತಿನಿಂದ ಕೈ ಹಾಕಿ ಉಂಡೆಯನ್ನು ಎಳೆದಳು. ಅದು ಬಿಚ್ಚಿಕೊಂಡು ಪಟ್ಟಿಪಟ್ಟಿಯಾಗಿ ಬಂತು, ಕೆಂಪು, ನೀಲಿ, ಕಂದು. ಎಲ್ಲ ಎಕ್ಸ್‌ಪೋರ್ಟ್ ಬಟ್ಟೆ. "ಸೂಪರ್‌ವೈಸರ್ರೇ, ಇಲ್ಲಿ ಬನ್ನಿ!" ಎಂದು ಕೂಗಿದವಳು ಟೀ ಶರ್ಟು ಎಡಗಡೆ ಕುಸಿದು ಬಿದ್ದದ್ದನ್ನು ನೋಡಿದಳು. ಕೂಗಿದ ಬಾಯಿ ಹಾಗೇ ಉಳಿಯಿತು. ಸೂಪರ್‌ವೈಸರ್ ಓಡಿಬಂದ, ನೋಡಿದ, ಬೇರೆ ಕಡೆ ಮುಖ ತಿರುಗಿಸಿ "ಬಿಡಿ, ಬಿಡಿ, ಕಳಿಸಿ" ಎಂದ. ಚಿಂದಿ ಗೇಟಿನ ಮೇಜಿನ ಮೇಲೆ ಬಿದ್ದಿತ್ತು. ಶೋಲ್ಡರಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಕೈಚೀಲವನ್ನು ಎದೆಗವುಚಿಕೊಂಡು, ಬಸ್ಸು ಹತ್ತದೆ, ಮನೆಯವರೆಗೂ ನಡೆದೇ ಹೋದಳು.

ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಸ್ಪತ್ರೆಯವರು ಬರೆದುಕೊಟ್ಟ ರಜೆ ಇನ್ನೂ ಸ್ವಲ್ಪ ಉಳಿದಿತ್ತು, ಅದರ ಮರೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ನೀರಿಗೆ ನಲ್ಲಿಯ ಹತ್ತಿರವೂ ಹೋಗಲಿಲ್ಲ, ಅತ್ತೆಯೇ ತಂದಳು. ಗಂಡ ಒಳ್ಳೆಯವನು. ಒಳ್ಳೆಯವನಾದ್ದರಿಂದ ಅವಳ ಕಡೆ ನೋಡುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ವಾರ ಕಳೆಯುವಷ್ಟರಲ್ಲಿ ಲೈನಿನಲ್ಲಿ ತೋಳು ಕೂರಿಸುವ ಗೆಳತಿ ಸುದ್ದಿ ಹೊತ್ತು ಬಂದಳು.

"ಅಕ್ಕಾ, ರಜೆ ಮುಗೀತಂತೆ, ಸೋಮವಾರ ಬರ್ಲಿಲ್ಲಾಂದ್ರೆ ಹೆಸರು ಹೊಡೆದು ಹಾಕ್ತಾರಂತೆ. ಆಫೀಸಲ್ಲಿ ಮಾತಾಡ್ಕೋತಿದ್ರು."

"ಹೊಡೀಲಿ."

"ಹೊಡೀಲಿ ಅಂದ್ರೆ? ಆಸ್ಪತ್ರೆ ಕಾರ್ಡು ಕೆಲಸದ ಜೊತೆ ಇರೋದು ಅಲ್ವಾ? ಮಾತ್ರೆ ಎಲ್ಲಿಂದ ತರ್ತೀಯ?"

ಗಂಟು ಮತ್ತೆ ಬಾರದಿರಲು ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ ಅದು. ಕಾರ್ಡು ಹೋದರೆ ಮಾತ್ರೆ ಹೋಯಿತು, ಮಾತ್ರೆ ಹೋದರೆ ಅವಳು ಹೋದಳು. ಇಷ್ಟು ಸರಳ. ಬದುಕಬೇಕೆಂದರೆ ಸೋಮವಾರ ಆ ಗೇಟಿಗೆ ಹೋಗಬೇಕು, ಸಂಜೆ ಅದೇ ಕೈಗೆ ಮೈ ಕೊಡಬೇಕು.

"ಆಸ್ಪತ್ರೇಲಿ ಎದೆಗಿಡೋಕೆ ಸ್ಪಂಜಿಂದು ಕೊಡ್ತಾರಂತಲ್ಲ ಅಕ್ಕಾ, ಅದನ್ನ ಇಟ್ಕೋ. ಹೇಳಿದ್ರಾಯ್ತು ಗೇಟಮ್ಮಂಗೆ."

"ಅದನ್ನೂ ಎಳೆದು ನೋಡ್ತಾಳೆ. ದಿನಾ ಎಳೆದು ನೋಡ್ತಾಳೆ." ಅಷ್ಟೂ ದಿನದಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. "ಒಳಗೆ ಏನೂ ಇಟ್ಕೊಳ್ಳಲ್ಲ. ಎಳೆಯೋಕೆ ಅಲ್ಲಿ ಏನೂ ಇರಬಾರದು. ಹೆಂಗಿದ್ದೀನೋ ಹಂಗೆ ಕೂರೋ ಅಂಗಿ ಬೇಕು ನಂಗೆ."

ಅತ್ತೆ ಒಲೆಯ ಮುಂದಿನಿಂದಲೇ, "ಅಂಥಾ ಅಂಗಿ ಯಾವ ಅಂಗಡೀಲೂ ಸಿಗಲ್ಲ" ಎಂದಳು.

"ಹೊಲ್ಕೋತೀನಿ."

"ನೀನಾ? ಭುಜಕ್ಕೇನೂ ತೊಂದ್ರೆ ಇಲ್ಲ. ಕೆಳಗಡೆ ಏನು ಗೋಣಿಚೀಲ ಕಟ್ಕೋತೀಯಾ?"

ಗೆಳತಿ ನಕ್ಕಳು. ಶೋಲ್ಡರಕ್ಕ ನಗಲಿಲ್ಲ.

ಮನೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಷೀನು ಇತ್ತು, ಅದರ ಮೇಲೆ ಹಾಸಿಗೆಗಳನ್ನು ಪೇರಿಸಿಡುತ್ತಿದ್ದರು. ಹಾಸಿಗೆ ಇಳಿಸಿ ಎಣ್ಣೆ ಬಿಟ್ಟಳು. ಗೆಳತಿಯ ಕೈಯಲ್ಲಿ ತೂಕದ ಬಟ್ಟೆ ತರಿಸಿದಳು, ಚೂರುಗಳಲ್ಲ, ಅಂಗಿಗೆ ಸಾಲುವಂಥ ತುಂಡುಗಳು. ಬೀದಿ ಕೊನೆಯ ಮುದಿ ಟೈಲರನ ಹತ್ತಿರ, ಜನ ಕಡಿಮೆ ಇರುವ ಮಟಮಟ ಮಧ್ಯಾಹ್ನ, ಶಾಲು ಹೊದ್ದುಕೊಂಡು ಹೋದಳು.

ಟೈಲರನಿಗೆ ಪಾಠ ಹೇಳಲು ಯಾರಾದರೂ ಸಿಕ್ಕರೆ ಸಾಕು.

"ನೋಡಮ್ಮ, ಬನಿಯನ್ ಬಟ್ಟೆ ಅಂದ್ರೆ ಮುದ್ದು ಮಾಡಿದ ಮಗ ಇದ್ದಂಗೆ. ಎಳೆದ್ರೆ ಎಳೆದಷ್ಟೂ ಉದ್ದ ಆಗುತ್ತೆ, ಆಮೇಲೆ ಮಾತು ಕೇಳಲ್ಲ. ಹಿಗ್ಗೋ ಕಡೆ ಯಾವ್ದು ಅಂತ ಮೊದ್ಲು ನೋಡು, ಅದು ಮೈ ಸುತ್ತ ಬರ್ಬೇಕು. ಮೈಯಳತೆಗಿಂತ ಒಂಚೂರು ಕಮ್ಮಿ ಕತ್ತರಿಸ್ಬೇಕು, ಆಗ ಹಿಡ್ಕೊಂಡು ಕೂರುತ್ತೆ. ಕತ್ತಿನ ಪಟ್ಟಿ ಕತ್ತಿಗಿಂತ ಚಿಕ್ಕದಿರ್ಬೇಕು. ಬಟ್ಟೆ ಮಡಚು, ಅರ್ಧ ಬರಿ, ಕತ್ತರಿಸು. ಬಿಚ್ಚಿದ್ರೆ ಎರಡೂ ಕಡೆ ಸಮ. ಅಳತೆ ಹೇಳು, ಬರ್ಕೊಡ್ತೀನಿ."

ಅವಳು ಹೇಳಿದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಟೇಪು ಹಿಡಿದಾಗ ಎಡಗಡೆಗೆ ಅವಳ ಕೈ ಹೋಗಿರಲೇ ಇಲ್ಲ. ಬಲಗಡೆ ಮಾತ್ರ ಅಳೆದಿದ್ದಳು, ಎದೆಗೂಡಿನ ನಡುವಿನಿಂದ ಕಂಕುಳು ಬಳಸಿ ಬೆನ್ನುಮೂಳೆಯವರೆಗೆ. ಅದನ್ನೇ ದುಪ್ಪಟ್ಟು ಮಾಡಿ ಟೈಲರನಿಗೆ ಒಪ್ಪಿಸಿದಳು. ಹೀಗೆ, ಯಾವ ಮೈ ಮುಚ್ಚಲು ಹೊರಟಿದ್ದಳೋ ಆ ಮೈಯ ಅಳತೆಯನ್ನು ಬಿಟ್ಟು, ಆಸ್ಪತ್ರೆಗೆ ಹೋಗುವ ಮುಂಚೆ ಇದ್ದ ಒಬ್ಬ ಹೆಂಗಸಿನ ಅಳತೆ ಕೊಟ್ಟು ಬಂದಳು.

ಮೊದಲನೆಯ ಅಂಗಿ ಮೈಗೆ ಇಳಿಯಲೇ ಇಲ್ಲ. ಅವಸರದಲ್ಲಿ ಬಟ್ಟೆಯ ಹಿಗ್ಗುವ ಕಡೆಯನ್ನು ಉದ್ದಕ್ಕೆ ಇಟ್ಟು ಕತ್ತರಿಸಿದ್ದಳು. ತಲೆ ಒಳಗೆ ಹೋಯಿತು, ಬಲಗೈ ತೂರಿತು, ಊದಿದ ಎಡಗೈ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಖದ ಮೇಲೆ ಬಟ್ಟೆ, ಉಸಿರಿಗೆ ದಾರಿಯಿಲ್ಲ, ಕಂಕುಳಿನಲ್ಲಿ ಬೆಂಕಿ.

"ಅತ್ತೇ!"

ಅತ್ತೆ ತರಕಾರಿ ಹೆಚ್ಚುವುದು ಬಿಟ್ಟು ಬಂದು ನೋಡಿ, "ಬೋನಿಗೆ ಬಿದ್ದ ಇಲಿ" ಎಂದಳು. ಕತ್ತರಿ ಹುಡುಕಿ ತಂದು ಕೆಳಗಿನಿಂದ ಕತ್ತಿನವರೆಗೆ ಸೀಳಿದಳು. ಅಂಗಿ ಕಳಚಿದ ಕೂಡಲೇ ಸೊಸೆ ಶಾಲು ಎಳೆದುಕೊಂಡಳು. ಅತ್ತೆ ಅಷ್ಟರಲ್ಲಿ ಬೆನ್ನು ತಿರುಗಿಸಿಯಾಗಿತ್ತು. ಬಾಯಿ ಎಷ್ಟು ಬಿರುಸೋ, ಆ ಗಾಯ ನೋಡಲು ಮುದುಕಿಗೂ ಅಷ್ಟೇ ಅಂಜಿಕೆ. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ಎರಡನೆಯದು ಮೈಗೆ ಇಳಿಯಿತು, ಹೊಲಿಗೆ ನಿಲ್ಲಲಿಲ್ಲ. ಮಾಮೂಲಿ ಚೂಪು ಸೂಜಿ ಬನಿಯನ್ ಬಟ್ಟೆಯ ಎಳೆಗಳನ್ನು ಕಡಿದು ತೂತು ಮಾಡುತ್ತಿತ್ತು. ಹೊಲಿಗೆ ನಾಲ್ಕು ಬಿದ್ದರೆ ಎರಡು ಹಾರಿ ಹೋಗುತ್ತಿದ್ದವು. ಈ ಬಟ್ಟೆಗೆ ಮೊಂಡು ಮೂತಿಯ ಸೂಜಿ ಬೇರೆಯೇ ಇದೆಯೆಂದು, ಜೀವಮಾನವೆಲ್ಲ ಅಂಥ ಸೂಜಿಯ ಮುಂದೆ ಕೂತಿದ್ದವಳಿಗೆ, ಗೆಳತಿ ಮೆಕ್ಯಾನಿಕ್‌ನನ್ನು ಕೇಳಿ ಬಂದು ಹೇಳಬೇಕಾಯಿತು. ಇನ್ನು ಕೈಯ ಅಭ್ಯಾಸ. ಟಾರ್ಗೆಟ್ಟಿಗೆ ಹೆದರಿ ಬಟ್ಟೆಯನ್ನು ಮುಂದಿನಿಂದ ಜಗ್ಗಿ ಜಗ್ಗಿ ಓಡಿಸಿದ ಕೈ ಅದು. ಇಲ್ಲಿಯೂ ಜಗ್ಗಿತು. ಕೆಳಗಿನ ಅಂಚು ಎಲೆಕೋಸಿನ ಎಲೆಯಂತೆ ನಿರಿಗೆ ನಿರಿಗೆಯಾಗಿ ನಿಂತಿತು.

"ಸಂಸಾರ ಮುಳುಗ್ತಾ ಇದ್ರೂ ನಿಂಗೆ ಝಾಲರಿ ಬೇಕಾ?" ಎಂದಳು ಅತ್ತೆ.

ಮೂರನೆಯದಕ್ಕೆ ಕೈ ಪಳಗಿತ್ತು. ಬಟ್ಟೆಯನ್ನು ಜಗ್ಗದೆ, ತಳ್ಳದೆ, ಮಗುವನ್ನು ನಡೆಸುವಂತೆ ಸೂಜಿಯ ಕೆಳಗೆ ನಡೆಸಿದಳು. ದಾರದ ಬಿಗಿ ಸಡಿಲಿಸಿ ಎರಡು ಸಾಲು ಹೊಲಿದಳು, ಎಳೆದರೂ ದಾರ ಕಡಿಯಲಿಲ್ಲ. ಕತ್ತಿನ ಪಟ್ಟಿ ಬಟ್ಟಲಿನ ಅಂಚಿನಂತೆ ಮಟ್ಟಸವಾಗಿ ಕೂತಿತು. ಲೈನಿನಲ್ಲಿ ಯಾರಿಗೆ ತೋರಿಸಿದರೂ ಪಾಸಾಗುವ ಅಂಗಿ. ಕನ್ನಡಿಯ ಮುಂದೆ ನಿಂತು ತೊಟ್ಟುಕೊಂಡಳು.

ಬಲಗಡೆ ಚೆಂದ. ಎಡಗಡೆ ಅದೇ ಚೀಲ. ಕೆಳಗಿನ ಅಂಚು ಬಲಕ್ಕೆ ಏರಿ ಎಡಕ್ಕೆ ಇಳಿದಿತ್ತು, ಎಡತೋಳು ಊದಿದ ಕೈಯನ್ನು ಕಚ್ಚಿ ಹಿಡಿದಿತ್ತು. ಅಂಗಡಿಯ ಟೀ ಶರ್ಟು ಏನು ಮಾಡಿತ್ತೋ ಅದನ್ನೇ ಇವಳ ಕೈಯ ಅಂಗಿಯೂ ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿತ್ತು.

ಅವಳು ಅಳಲಿಲ್ಲ. ನೆಲದ ಮೇಲೆ ಕುಸಿದು ಕೂತು, ಮಷೀನಿನ ಕಬ್ಬಿಣದ ಕಾಲಿಗೆ ಹಣೆ ಆನಿಸಿದಳು. ಅಂದು ಭಾನುವಾರ. ಗಂಡ ಹೊರಗೆ ಹೋಗಿದ್ದ. ಬಟ್ಟೆ ಉಳಿದದ್ದು ಒಂದೇ ತುಂಡು, ಇಟ್ಟಿಗೆ ಬಣ್ಣದ್ದು.

"ಅತ್ತೇ, ಮಾತ್ರೆ ಬಿಟ್ರೆ ಏನಾಗುತ್ತೆ?"

"ಏನು?"

"ಮಾತ್ರೆ. ನುಂಗೋದು ಬಿಟ್ರೆ. ಎಲ್ಲರಿಗೂ ಗಂಟು ವಾಪಸ್ ಬರಲ್ವಂತೆ. ಕೆಲವ್ರಿಗೆ ಬರಲ್ವಂತೆ."

ಅತ್ತೆ ಹತ್ತಿರ ಬಂದಳು. ಕೈ ಎತ್ತಿದ ರೀತಿ ನೋಡಿದರೆ ಕೆನ್ನೆಗೆ ಬಾರಿಸುತ್ತಾಳೆ ಅನ್ನಿಸುತ್ತಿತ್ತು. ಆ ಕೈ ಅಂಗಿಯ ಎಡಗಡೆಯ ಸಡಿಲು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಇದೇನಿದು? ಇಷ್ಟು ಬಟ್ಟೆ ಇಲ್ಲಿ ಯಾಕೆ ಬಿಟ್ಟೆ?"

"ಮಡಚಿ ಕತ್ತರಿಸಿದ್ರೆ ಎರಡೂ ಕಡೆ ಸಮ ಬರುತ್ತೆ. ಟೈಲರು ಹೇಳಿದ್ರು."

"ನೀನು ಎರಡೂ ಕಡೆ ಸಮ ಇದ್ದೀಯೇನೇ?"

ಸೊಸೆ ತಲೆ ಎತ್ತಿದಳು.

"ಇದ್ದೀಯಾ? ಹೇಳು. ಇಲ್ಲ ತಾನೇ? ಇಲ್ದೇ ಇರೋದನ್ನ ಮಡಚಿದ್ರೆ ಬಂದ್ಬಿಡುತ್ತಾ? ಯಾರಿಗೆ ಅಳತೆ ಕೊಟ್ಟೆ ನೀನು, ಎಂಥಾ ಅಳತೆ ಕೊಟ್ಟೆ?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಅತ್ತೆ ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

"ಬಟ್ಟೆ ತಗೋ. ಮಡಚಬೇಡ."

ಇಟ್ಟಿಗೆ ಬಣ್ಣದ ತುಂಡನ್ನು ನೆಲದ ಮೇಲೆ ಪೂರ್ತಿ ಬಿಚ್ಚಿ ಹಾಸಿದರು. ಮುಂಭಾಗಕ್ಕೊಂದು, ಬೆನ್ನಿಗೊಂದು ಅಗಲದ ಚೌಕ ಕತ್ತರಿಸಿ, ಮೊದಲು ಭುಜ ಜೋಡಿಸಿದರು. ಅದೊಂದು ಕೆಲಸಕ್ಕೆ ಮಾತ್ರ ಶೋಲ್ಡರಕ್ಕನಿಗೆ ಕಣ್ಣೂ ಬೇಡ, ಬೆಳಕೂ ಬೇಡ. ಅದನ್ನು ಒಳಗು ಹೊರಗು ಮಾಡಿ ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಒಳಗೆ ಏನೂ ತೊಟ್ಟಿರಲಿಲ್ಲ. ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಎದುರಿಗೆ ನಿಂತಳು. ಬಲಗಡೆ ಮೊದಲು ಚುಚ್ಚಿದಳು. ಅಲ್ಲಿ ಮೈ ಉಬ್ಬಿದೆ, ಮುಂದಿನ ಬಟ್ಟೆ ಹಿಂದಿನದಕ್ಕಿಂತ ಉದ್ದ ಬೇಕು. ಕಂಕುಳ ಕೆಳಗೆ ಸಣ್ಣ ಸಣ್ಣ ನಿರಿಗೆ ಹಿಡಿದು ಕೂರಿಸಿದಳು. ಆಮೇಲೆ ಎಡಗಡೆಗೆ ಬಂದಳು. ಬಟ್ಟೆ ಎತ್ತಿದಳು.

ನೋಡಿದಳು. ಕಂಕುಳಿನಿಂದ ಎದೆಗೂಡಿನ ನಡುವಿನವರೆಗೆ ಓರೆಯಾಗಿ ಎಳೆದ ಗೆರೆ, ಅದರ ಆಚೆ ಈಚೆ ಸೊಟ್ಟಗೆ ಎಳೆದುಕೊಂಡ ಚರ್ಮ, ಅದರಡಿಯಲ್ಲಿ ಎಣಿಸಬಹುದಾದಂಥ ಪಕ್ಕೆಲುಬು. ಬಾಯಲ್ಲಿ ಸೂಜಿಗಳಿದ್ದದ್ದು ಒಳ್ಳೆಯದಾಯಿತು. ಮುದುಕಿಗೆ ಏನೂ ಹೇಳಬೇಕಾಗಲಿಲ್ಲ.

ಬಟ್ಟೆ ಇಳಿಸಿ, ಅಂಗೈಯಿಂದ ನೀವಿ, ಆ ತಗ್ಗಿಗೆ ತಾಗುವಂತೆ ಕೂರಿಸಿ, ಹೆಚ್ಚಿನದನ್ನೆಲ್ಲ ಪಕ್ಕಕ್ಕೆ ಒತ್ತರಿಸಿ ಚುಚ್ಚುತ್ತ ಹೋದಳು. ಮುದುಕಿಗೆ ಕಣ್ಣು ಮಂಜು. ಬಟ್ಟೆಯ ಮೇಲೆ ಕಪ್ಪಗೆ ಒಂದು ಚುಕ್ಕೆ ಮೂಡಿ ದೊಡ್ಡದಾಯಿತು.

"ಅಯ್ಯೋ, ಚುಚ್ಚಿಬಿಟ್ನಾ? ಹೇಳ್ಬಾರ್ದೇನೇ!"

"ಎಲ್ಲಿ?"

"ಎಲ್ಲಿ ಅಂದ್ರೆ? ರಕ್ತ ಬರ್ತಿದೆ."

"ಗೊತ್ತಾಗ್ಲಿಲ್ಲ ಅತ್ತೆ. ಅಲ್ಲಿ ಏನೂ ಗೊತ್ತಾಗಲ್ಲ."

ಅತ್ತೆ ಸೆರಗಿನ ತುದಿಯಿಂದ ಒತ್ತಿ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು, ರಕ್ತ ನಿಂತ ಮೇಲೂ. ಆಮೇಲೆ ಮೂಗು ಒರೆಸಿಕೊಂಡು, "ಬೆನ್ನು ನೆಟ್ಟಗೆ ಮಾಡು. ಮೂಟೆ ಹೊತ್ತವಳಂಗೆ ಕೂತ್ರೆ ಅಂಗೀನೂ ಹಂಗೇ ಆಗುತ್ತೆ" ಎಂದು ಬೈದಳು.

ಸೂಜಿ ಚುಚ್ಚಿದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಎಳೆದು ಬಿಚ್ಚಿ ನೆಲಕ್ಕೆ ಹಾಸಿದಾಗ ಆ ಬಟ್ಟೆಗೆ ಅಂಗಿಯ ಆಕಾರವೇ ಇರಲಿಲ್ಲ. ಒಂದು ಪಕ್ಕ ಹೊಟ್ಟೆ ಬಿಟ್ಟುಕೊಂಡಿತ್ತು, ಇನ್ನೊಂದು ಪಕ್ಕ ಒಳಕ್ಕೆ ಎಳೆದುಕೊಂಡಿತ್ತು. ಒಂದು ಕಂಕುಳ ಸುತ್ತು ಚಿಕ್ಕದು, ಇನ್ನೊಂದು ದೊಡ್ಡದು. ತೋಳುಗಳೂ ಅಣ್ಣ ತಮ್ಮಂದಿರಲ್ಲ, ನೆರೆಮನೆಯವರು. ಫ್ಯಾಕ್ಟರಿಯಲ್ಲಿ ಇಂಥದೊಂದು ಪೀಸು ಬಂದಿದ್ದರೆ ಅವಳೇ ರಿಜೆಕ್ಟಿನ ಬುಟ್ಟಿಗೆ ಎಸೆಯುತ್ತಿದ್ದಳು. ಅಂಥ ಬುಟ್ಟಿಯ ಬಟ್ಟೆಯನ್ನು ಕೂತು ಹೊಲಿದಳು. ತೊಟ್ಟುಕೊಂಡಾಗ ಅಂಚು ನೇರವಾಗಿ ನಿಂತಿತು. ಕತ್ತು ನಡುವಿನಲ್ಲಿ ನಿಂತಿತು. ಬಗ್ಗಿದಳು, ಅಂಗಿ ಬಾಯಿ ಬಿಡಲಿಲ್ಲ. ಎಡಗಡೆ ಚಪ್ಪಟೆ, ಬಲಗಡೆ ತುಂಬು. ಅದನ್ನು ಅಂಗಿ ಮುಚ್ಚಿಡಲಿಲ್ಲ, ಸಾರಲೂ ಇಲ್ಲ. ಇದ್ದದ್ದು ಹಾಗೇ ಇತ್ತು.

"ಹೂಂ" ಎಂದಳು ಅತ್ತೆ. ಅವಳ ಬಾಯಿಂದ ಅದು ದೊಡ್ಡ ಹೊಗಳಿಕೆ.

ಸೋಮವಾರ ಹೋದಳು. ಹೆಸರು ಉಳಿಯಿತು. ಮಷೀನು ಉಳಿಯಲಿಲ್ಲ. ಅಲ್ಲಿ ಬೇರೊಬ್ಬಳು ಕೂತಿದ್ದಳು. ಸೂಪರ್‌ವೈಸರ್ ಅವಳ ಕೈ ನೋಡಿ, ಎದೆಯ ಕಡೆ ನೋಡದಿರಲು ಹೆಣಗಾಡಿ, ಹೊಲಿದ ಅಂಗಿಗಳ ಹೆಚ್ಚಿನ ದಾರ ಕತ್ತರಿಸುವ ಮೇಜಿಗೆ ಕಳಿಸಿದ. ಅಲ್ಲಿ ನಿಂತೇ ಕೆಲಸ. ಲೈನಿನ ಅರ್ಧದಷ್ಟು ಹೆಂಗಸರು ಅವಳನ್ನು ಕಂಡು ಕಣ್ಣು ತಪ್ಪಿಸಿದರು, ಇನ್ನರ್ಧ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿಸಿದರು. ಅವಳು ಎರಡನ್ನೂ ಸಹಿಸಿದಳು. ಅವಳ ಕಣ್ಣೆಲ್ಲ ಸಂಜೆಯ ಮೇಲಿತ್ತು.

ಗೇಟಿನಲ್ಲಿ ಸಾಲು. ಹಿಂದೆ ತೋಳು ಕೂರಿಸುವ ಗೆಳತಿ ನಿಂತಿದ್ದಳು. ಮುಂದಿನವಳನ್ನು ತಡವಿ ಬಿಟ್ಟ ಗೇಟಮ್ಮ ತಲೆ ಎತ್ತಿ ಯಾರೆಂದು ನೋಡಿದಳು. ಶೋಲ್ಡರಕ್ಕ ಕೈ ಎತ್ತಿದಳು. ಬಲಗೈ ಪೂರ್ತಿ, ಎಡಗೈ ಎಷ್ಟು ಬರುತ್ತದೋ ಅಷ್ಟು. ಇಟ್ಟಿಗೆ ಬಣ್ಣದ ಅಂಗಿ ಎರಡೂ ಪಕ್ಕೆಯಲ್ಲಿ ಎಳೆಯದೆ, ಸುಕ್ಕಾಗದೆ ನಿಂತಿತು.

ಗೇಟಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. ನೆಲ ನೋಡುತ್ತ, "ನೀ ಹೋಗಕ್ಕ. ನಿಂಗೆ ಬೇಡ" ಎಂದಳು.

ದಯೆಯೋ, ಅಳುಕೋ, ಮುಟ್ಟಿದರೆ ತನಗೂ ಅಂಟೀತೆಂಬ ಹೆದರಿಕೆಯೋ, ಯಾರು ಹೇಳಬೇಕು. ಮೈ ತಡವುವ ಈ ಹೊಲಸು ಪದ್ಧತಿ ನಿಲ್ಲಲಿ ಎಂದು ಹೆಂಗಸರು ಎಷ್ಟು ಸಲ ಕೂಗಿದ್ದರೋ. ಅದು ನಿಂತದ್ದು ಹೀಗೆ, ಒಬ್ಬಳಿಗೆ ಮಾತ್ರ. ಶೋಲ್ಡರಕ್ಕನ ಕಾಲು ಏಳಲಿಲ್ಲ. ಎತ್ತಿದ ಕೈಗಳನ್ನೂ ಇಳಿಸಲಿಲ್ಲ.

"ಯಾಕೆ ಬೇಡ?"

"ಹೋಗಕ್ಕ ಸುಮ್ನೆ."

"ಎಲ್ಲರನ್ನೂ ಮುಟ್ತೀಯಲ್ಲ. ನನ್ನೂ ಮುಟ್ಟು."

"ಏ, ಬಸ್ಸು ಹೊರಡುತ್ತೆ, ನಡಿಯಕ್ಕೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಆ ಕಡೆ ತಿರುಗಿ ಗೆಳತಿ, "ಬಾಯಿ ಮುಚ್ಚೇ, ಬಸ್ಸು ಹೋದ್ರೆ ನಡ್ಕೊಂಡು ಹೋಗು" ಎಂದು ಗದರಿದಳು.

ಶೋಲ್ಡರಕ್ಕನ ಎಡಗೈ ಸೋಲತೊಡಗಿತ್ತು. ಅಷ್ಟು ಹೊತ್ತು ಮೇಲೆ ನಿಲ್ಲುವ ಶಕ್ತಿ ಅದಕ್ಕಿರಲಿಲ್ಲ.

"ಅವತ್ತು ಒಳಗೇ ಕೈ ಹಾಕಿದ್ಯಲ್ಲ. ಇವತ್ತೇನಾಯ್ತು? ಮುಟ್ಟು. ಕೈ ನೋಯ್ತಿದೆ ನಂಗೆ, ಬೇಗ."

ಗೇಟಮ್ಮ ಆಚೆ ಈಚೆ ನೋಡಿದಳು. ಬೇರೆ ದಾರಿ ಇರಲಿಲ್ಲ. ಬಂದಳು. ಬಲಗಡೆ ಕಂಕುಳಿನಿಂದ ಸೊಂಟದವರೆಗೆ ಕೈ ಆಡಿಸಿದಳು. ಎಡಗಡೆ ಆಡಿಸಿದಳು. ಚಪ್ಪಟೆಯ ಮೇಲೆ ಅಂಗೈ ಒಂದು ಕ್ಷಣ ನಿಂತು ಕೆಳಗೆ ಸರಿಯಿತು. ಅಲ್ಲಿ ಆ ಕೈ ತಾಗಿದ್ದು ಶೋಲ್ಡರಕ್ಕನಿಗೆ ಗೊತ್ತಾಗಲಿಲ್ಲ, ಕಣ್ಣಿನಿಂದ ಮಾತ್ರ ನೋಡಿದಳು.

"ಆಯ್ತು" ಎಂದಳು ಗೇಟಮ್ಮ.

ಶೋಲ್ಡರಕ್ಕ ಕೈ ಇಳಿಸಿ ಗೇಟು ದಾಟಿದಳು. ಹಿಂದೆ ಗೆಳತಿ ಕೈ ಎತ್ತಿ ನಿಂತಳು.